ಲೆಕ್ಕ ಬಾರದ ದನದ ಡಾಕ್ಟರು

ಹತ್ತನೇ ತರಗತಿಯಲ್ಲಿ ಗಣಿತಕ್ಕೆ ನನಗೆ ಬಂದದ್ದು ಮೂವತ್ತಾರು. ಪಾಸಾಗಲು ಮೂವತ್ತೈದು ಸಾಕಿತ್ತು. ಆ ಒಂದು ಹೆಚ್ಚಿನ ಅಂಕ ಎಲ್ಲಿಂದ ಬಂತೆಂದು ನಮ್ಮ ಗಣಿತದ ಮೇಷ್ಟ್ರಿಗೂ ಅರ್ಥವಾಗಲಿಲ್ಲ. ಪಿಯುಸಿಯಲ್ಲಿ ಕೆಮಿಸ್ಟ್ರಿ ಒಂದು ಸಲ ಕೈಕೊಟ್ಟಿತು, ಫಿಸಿಕ್ಸ್ ಹೇಗೋ ದಾಟಿತು. ಇಂಥವಳು ಮೂವತ್ತು ವರ್ಷಕ್ಕೂ ಮಿಕ್ಕಿ ಸರ್ಕಾರಿ ಪಶುವೈದ್ಯೆಯಾಗಿದ್ದು ಈಚೆಗೆ ನಿವೃತ್ತಳಾಗಿದ್ದೇನೆ. ಈಗ ಈ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರು ಕೆಲವರು ಮನೆಗೆ ಬಂದು, ತಮಗೆ ಸಂಖ್ಯೆ ಕಂಡರೆ ಭಯ ಎಂದು ತಲೆ ತಗ್ಗಿಸಿ ಹೇಳಿಕೊಳ್ಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಕೊನೆಯವರೆಗೂ ಲೆಕ್ಕ ಬರಲಿಲ್ಲ. ಅದನ್ನು ಇಟ್ಟುಕೊಂಡೇ ಹೇಗೆ ಕೆಲಸ ಮಾಡಿದೆ ಎಂಬುದನ್ನಷ್ಟೇ ಹೇಳಬಲ್ಲೆ.

ನಾವಿದ್ದದ್ದು ಟಿ. ದಾಸರಹಳ್ಳಿಯ ಒಂದು ವಠಾರದಲ್ಲಿ. ಅಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಟರ್ನರ್. ಲೇತ್ ಮೇಲೆ ಕಬ್ಬಿಣವನ್ನು ಕೂದಲಿನ ದಪ್ಪಕ್ಕಿಂತ ಕಡಿಮೆ ಅಳತೆಗೆ ತರುವ ಕೆಲಸ ಅವರದು. ಅಮ್ಮ ವಠಾರದ ಹಿಂದಿನ ಖಾಲಿ ಜಾಗದಲ್ಲಿ ಎರಡು ಸೀಮೆಹಸು ಕಟ್ಟಿಕೊಂಡಿದ್ದರು. ದಶಮಾಂಶ ನನ್ನ ತಲೆಗೆ ಹತ್ತುವುದಿಲ್ಲವೆಂದು ಗೊತ್ತಾದ ಮೇಲೆ ಅಪ್ಪ ಒಂದು ಭಾನುವಾರ ತಮ್ಮ ಅಳತೆಗೋಲು ವರ್ನಿಯರನ್ನು ಮನೆಗೆ ತಂದು, ಪೆನ್ಸಿಲು, ಬಳೆ, ರಾಗಿ ಕಾಳು ಎಲ್ಲವನ್ನೂ ಅಳೆದು ತೋರಿಸಿದರು.

"ಚುಕ್ಕಿ ಒಂದು ಮನೆ ಆಚೆ ಹೋದ್ರೆ ಜಾಬು ರಿಜೆಕ್ಟ್ ಕಣಮ್ಮ," ಅಂದರು.

ನಾನು ಬಳೆಯ ಅಳತೆಯನ್ನು ಮೂರು ಸಲ ಓದಿದೆ. ಮೂರು ಸಲವೂ ಬೇರೆ ಬೇರೆ ಬಂತು. ಅಪ್ಪ ಬೈಯಲಿಲ್ಲ. ವರ್ನಿಯರನ್ನು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯೊಳಗಿಟ್ಟು, "ನೀನು ಹಸು ಕಡೆ ಹೋಗು, ಅಮ್ಮ ಕರೀತಿದಾಳೆ" ಅಂದರು. ಅಮ್ಮ ಕರೆದೇ ಇರಲಿಲ್ಲ.

ದನದ ಡಾಕ್ಟರಾಗಬೇಕೆಂಬ ಆಸೆ ಹುಟ್ಟಿದ್ದು ಆ ಹಸುಗಳ ಕಡೆಯಿಂದಲೇ. ಎಂಟನೇ ತರಗತಿಯಲ್ಲಿದ್ದಾಗ ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ, ಎರಡು ದಿನದ ಹಿಂದೆ ಕರು ಹಾಕಿದ್ದ ಹಸು ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ತಣ್ಣಗೆ ಬಿದ್ದಿತ್ತು. ಅಮ್ಮ ಆಗಲೇ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಸೈಕಲ್ಲಿನಲ್ಲಿ ಬಂದ ಡಾಕ್ಟರು ಕಿವಿ ಮುಟ್ಟಿ ನೋಡಿ, ಕುತ್ತಿಗೆಯ ನರಕ್ಕೆ ಒಂದು ಬಾಟಲಿ ಕ್ಯಾಲ್ಸಿಯಂ ಇಳಿಸಿದರು. ಅರ್ಧ ಗಂಟೆಗೆ ಹಸು ಒಂದು ದೊಡ್ಡ ತೇಗು ತೇಗಿ, ಸಗಣಿ ಹಾಕಿ, ಎದ್ದು ನಿಂತಿತು. ನಾನು ಬ್ಯಾಗನ್ನು ಹೆಗಲಿನಿಂದ ಇಳಿಸುವುದನ್ನೂ ಮರೆತು ನೋಡುತ್ತಿದ್ದೆ. ಆ ಕೆಲಸಕ್ಕೆ ಕೆಮಿಸ್ಟ್ರಿ ಬೇಕೆಂದು ಆಗ ಯಾರೂ ಹೇಳಲಿಲ್ಲ.

ಎರಡನೇ ಪ್ರಯತ್ನಕ್ಕೆ ಪಿಯುಸಿ ಮುಗಿಯಿತು. ಬಯಾಲಜಿಯ ಅಂಕಗಳು ಉಳಿದೆರಡನ್ನೂ ಹೊತ್ತುಕೊಂಡು ಗಡಿ ದಾಟಿಸಿದವು. ಆ ಕಾಲದಲ್ಲಿ ದನದ ಡಾಕ್ಟರಿಕೆಗೆ ಹೆಣ್ಣುಮಕ್ಕಳು ಬರುತ್ತಿದ್ದದ್ದೇ ಕಡಿಮೆ. ಕೊನೆಯ ಸುತ್ತಿನಲ್ಲಿ ಯಾರೋ ಬಿಟ್ಟುಹೋದ ಸೀಟು ನನಗೆ ಸಿಕ್ಕಿತು. ಕಾಲೇಜಿನಲ್ಲಿ ಅಂಗರಚನೆ, ಪ್ರಸವ, ಶಸ್ತ್ರಚಿಕಿತ್ಸೆ ಇವೆಲ್ಲ ಕೈಯಿಂದ ಕಲಿಯುವ ವಿಷಯಗಳಾದ್ದರಿಂದ ಕಷ್ಟವಾಗಲಿಲ್ಲ. ಕಣ್ಣು ಮುಚ್ಚಿ ಮೂಳೆ ಮುಟ್ಟಿ, ಯಾವ ಪ್ರಾಣಿಯ ಯಾವ ಕಾಲಿನದೆಂದು ಹೇಳುತ್ತಿದ್ದೆ. ಜೀವರಸಾಯನದಲ್ಲಿ ಒಂದು ಸಲ, ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ಫೇಲಾದೆ. ಜೊತೆಯವರು ನೌಕರಿಗೆ ಅರ್ಜಿ ಹಾಕುವಾಗ ನಾನು ಕಿರಿಯರ ಜೊತೆ ಕುಳಿತು ಸರಾಸರಿ, ವಿಚಲನೆ ಎಂದು ಉರು ಹೊಡೆಯುತ್ತಿದ್ದೆ. ನಾಚಿಕೆಯಾಗುತ್ತಿತ್ತು. ಆದರೆ ವಾರ್ಡಿಗೆ ಹೋದರೆ ಮರೆತುಹೋಗುತ್ತಿತ್ತು.

ನನ್ನ ಮೊದಲ ಆಸ್ಪತ್ರೆ ಅತ್ತಿಬೆಲೆಯ ಆಚೆಗಿನ ಒಂದು ಹಳ್ಳಿಯಲ್ಲಿತ್ತು. ಎರಡು ಕೋಣೆ, ಹೊರಗೆ ದನಗಳನ್ನು ನಿಲ್ಲಿಸುವ ಕಬ್ಬಿಣದ ಕಟಕಟೆ, ಒಂದು ಹೊಂಗೆ ಮರ. ಅಟೆಂಡರ್ ಮುನಿಯಪ್ಪ ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾನು ಬರುವ ಮೊದಲು ಐವರು ಡಾಕ್ಟರುಗಳನ್ನು ಕಂಡಿದ್ದವರು. ಮೊದಲ ದಿನ ಬೀಗದ ಕೈ ಕೊಡುತ್ತಾ, "ಅಮ್ಮಾವ್ರೆ, ಇಲ್ಲಿ ಜನ ಒಳ್ಳೇರು. ದನಗಳೇ ಸ್ವಲ್ಪ ಒದೀತವೆ" ಅಂದರು.

ಸುತ್ತಲ ಹೊಲಗಳ ನಡುವೆ ಆಗ ಒಂದೊಂದಾಗಿ ಕಾರ್ಖಾನೆಗಳು ಏಳುತ್ತಿದ್ದವು. ಲೇತ್ ಕತ್ತರಿಸಿ ಉದುರಿಸಿದ ಸುರುಳಿ ಸುರುಳಿ ಕಬ್ಬಿಣದ ಚೂರುಗಳನ್ನು ಯಾರೋ ರಾತ್ರೋರಾತ್ರಿ ಗೋಮಾಳದ ಅಂಚಿಗೆ ಸುರಿದು ಹೋಗುತ್ತಿದ್ದರು. ಮೇಯಲು ಹೋದ ಹಸುಗಳ ಗೊರಸಿಗೆ ಅವು ನಾಟಿಕೊಳ್ಳುತ್ತಿದ್ದವು. ನಂಜಮ್ಮ ಎಂಬವರ ಹಸು ಗೌರಿಗೆ ಆದದ್ದೂ ಅದೇ. ನಂಜಮ್ಮ ಗಂಡನಿಲ್ಲದ ಹೆಂಗಸು. ಆ ಒಂದೇ ಹಸುವಿನ ಹಾಲನ್ನು ಕಾರ್ಖಾನೆ ಕೆಲಸದವರ ರೂಮುಗಳಿಗೆ ಹಾಕಿ ಬದುಕುತ್ತಿದ್ದರು. ಗೌರಿ ಹಿಂಗಾಲು ಮುಟ್ಟಿದರೆ ಒದೆಯುತ್ತಿತ್ತು. ಮಂಪರಿನ ಇಂಜೆಕ್ಷನ್ ಕೊಟ್ಟೇ ಚೂರು ತೆಗೆಯಬೇಕಿತ್ತು.

ಹಿಂದಿನ ದಿನವಷ್ಟೇ ನಾನು ಮದುವೆ ಮೆರವಣಿಗೆಯ ಕುದುರೆಯೊಂದಕ್ಕೆ ಅದೇ ಔಷಧಿ ಕೊಟ್ಟು ಗಾಯ ಹೊಲಿದಿದ್ದೆ. ಈ ಔಷಧಿಯ ವಿಷಯ ಈ ಕೆಲಸದವರಿಗೆಲ್ಲ ಗೊತ್ತು: ಕುದುರೆಗೆ ಕೊಡುವುದರ ಹತ್ತನೇ ಒಂದು ಪಾಲು ಹಸುವಿಗೆ ಸಾಕು. ನನಗೂ ಗೊತ್ತಿತ್ತು. ಕಾಗದದ ಮೇಲೆ ತೂಕ ಬರೆದೆ, ಗುಣಿಸಿದೆ, ಭಾಗಿಸಿದೆ. ಒಂದೂ ಮುಕ್ಕಾಲು ಎಂ.ಎಲ್. ಬರಬೇಕಾದಲ್ಲಿ ಹದಿನೇಳೂವರೆ ಬಂತು. ಕುದುರೆಗೂ ಹಿಂದಿನ ದಿನ ಹೆಚ್ಚುಕಡಿಮೆ ಅಷ್ಟೇ ಏರಿಸಿದ್ದೆನಾದ್ದರಿಂದ ಆ ಸಂಖ್ಯೆ ಕಣ್ಣಿಗೆ ವಿಚಿತ್ರವಾಗಿ ಕಾಣಲಿಲ್ಲ. ದೊಡ್ಡ ಸಿರಿಂಜಿಗೆ ತುಂಬಿಕೊಂಡು ಗೌರಿಯ ತೊಡೆಗೆ ಚುಚ್ಚಿದೆ.

ಮುನಿಯಪ್ಪ ಮೂಗುದಾರ ಹಿಡಿದಿದ್ದರು. ಸಿರಿಂಜ್ ಕಡೆ ನೋಡಿದರು, ನನ್ನ ಕಡೆ ನೋಡಿದರು. ಡಾಕ್ಟರನ್ನು ಕೇಳುವುದು ಹೇಗೆಂದು ಅವರಿಗೆ ಸಂಕೋಚ. ಕೊನೆಗೆ ಹಗ್ಗ ಬಿಟ್ಟು ನನ್ನ ಮಣಿಕಟ್ಟು ಹಿಡಿದರು.

"ಅಮ್ಮಾವ್ರೆ, ಹಿಂದ್ಲ ಡಾಕ್ಟ್ರು ಸಣ್ ಸಿರಿಂಜಲ್ಲಿ ಕೊಡ್ತಿದ್ರು. ಎರಡು ಗೀಟೂ ದಾಟ್ತಿರ್ಲಿಲ್ಲ."

ಅಷ್ಟರಲ್ಲಿ ಏಳು ಎಂ.ಎಲ್. ಒಳಗೆ ಹೋಗಿತ್ತು.

ಸೂಜಿ ಕಿತ್ತೆ. ಐದು ನಿಮಿಷದಲ್ಲಿ ಗೌರಿಯ ಬಾಯಿಂದ ಜೊಲ್ಲು ದಾರವಾಗಿ ಇಳಿಯಿತು. ಹಿಂಗಾಲು ಕುಸಿಯಿತು, ನಂತರ ಮುಂಗಾಲು. ನಾಲಗೆ ಹೊರಗೆ ಬಿತ್ತು. ಉಸಿರು ಎಷ್ಟು ನಿಧಾನವಾಯಿತೆಂದರೆ ಒಂದಾದ ಮೇಲೆ ಇನ್ನೊಂದು ಬರುತ್ತದೆಯೇ ಎಂದು ಕಾಯಬೇಕಾಗಿತ್ತು. ಆ ಮಂಪರನ್ನು ಇಳಿಸುವ ಮದ್ದು ನಮ್ಮ ಕಪಾಟಿನಲ್ಲಿ ಇರಲಿಲ್ಲ.

ಹೊಂಗೆ ಮರದ ಕೆಳಗೆ ಕುಳಿತಿದ್ದ ನಂಜಮ್ಮ ಎದ್ದು ಬಂದರು. ನಾನು ಹೇಳಿಬಿಟ್ಟೆ. "ನಂಜಮ್ಮ, ಔಷಧಿ ಲೆಕ್ಕ ತಪ್ಪಿದೆ. ನಾಲ್ಕು ಪಟ್ಟು ಜಾಸ್ತಿ ಹೋಗ್ಬಿಟ್ಟಿದೆ. ನನ್ನಿಂದ ಆಗಿದ್ದು."

ಅವರು ಕಿರುಚಾಡುತ್ತಾರೆಂದು ಕಾದೆ. ಅವರು ಹಸುವಿನ ಕಡೆಯೇ ನೋಡುತ್ತಾ, "ಬದುಕ್ತದಾ?" ಅಂದರು.

"ಗೊತ್ತಿಲ್ಲ."

"ಅಂಗಂದ್ರೆ ಇಲ್ಲೇ ಕುಂತ್ಕಳಿ. ಎದ್ದೋಗ್ಬೇಡಿ."

ಕುಳಿತೆ. ಮುನಿಯಪ್ಪ ಹಾಲಿನ ಡೈರಿಗೆ ಓಡಿ ತಾಲ್ಲೂಕಿನ ನಮ್ಮ ಸಾಹೇಬರಿಗೆ ಫೋನ್ ಮಾಡಿದರು. ಬರುವಾಗ ಹುಲ್ಲು ತುಂಬಿದ ಗೋಣಿಚೀಲಗಳನ್ನು ತಂದು ಗೌರಿ ಪಕ್ಕಕ್ಕೆ ಉರುಳದಂತೆ ಎರಡೂ ಕಡೆ ಒತ್ತು ಕೊಟ್ಟರು. ನಾನು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಜೊಲ್ಲು ಗಂಟಲಿಗೆ ಇಳಿಯದಂತೆ ಮೂತಿಯನ್ನು ಕೆಳಗೆ ಬಾಗಿಸಿ ಹಿಡಿದೆ. ಹೊಟ್ಟೆ ಉಬ್ಬುತ್ತಿದೆಯೇ ಎಂದು ಎಡಪಕ್ಕೆ ಮುಟ್ಟುತ್ತಿದ್ದೆ. ಉಸಿರು ಎಣಿಸುತ್ತಿದ್ದೆ. ನಿಮಿಷಕ್ಕೆ ಆರು. ಆರು. ಐದು. ಮತ್ತೆ ಆರು.

ಸಾಹೇಬರು ಸ್ಕೂಟರಿನಲ್ಲಿ ಬಂದರು. ಅವರ ಹೆಸರು ಕೇಳಿದರೆ ತಾಲ್ಲೂಕಿನ ಡಾಕ್ಟರುಗಳೆಲ್ಲ ಶರ್ಟು ಸರಿಪಡಿಸಿಕೊಳ್ಳುತ್ತಿದ್ದರು. ಹಸುವಿನ ಕಣ್ಣು ತೆರೆದು ನೋಡಿದರು, ಎದೆಗೆ ಕಿವಿಗೊಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಶರ್ಟಿನ ತೋಳು ಮಡಚುತ್ತಾ ಕೇಳಿದರು, "ಇವಳಿಗೆ ಮಂಪರು ಯಾಕೆ ಕೊಟ್ರಿ?"

"ಗೊರಸಲ್ಲಿ ಲೇತ್ ಚೂರಿದೆ ಸರ್."

"ತೆಗೆದ್ರಾ?"

"ಇಲ್ಲ ಸರ್."

"ಇಷ್ಟು ಆರಾಮಾಗಿ ಯಾವ ಹಸು ಮಲಗುತ್ತೆ? ಬಂದ ಕೆಲಸ ಮುಗಿಸಿ."

ತಲೆಯನ್ನು ಅವರು ಹಿಡಿದುಕೊಂಡರು. ನಾನು ಚೂರು ತೆಗೆದು, ಕೀವು ತೊಳೆದು, ಕಟ್ಟು ಕಟ್ಟಿದೆ. ಬೆರಳುದ್ದದ ಸುರುಳಿ. ಅಪ್ಪನ ಕಾರ್ಖಾನೆಯಲ್ಲಿ ಅಂಥವು ಬುಟ್ಟಿಗಟ್ಟಲೆ ಬೀಳುತ್ತಿದ್ದವು.

ಸಾಹೇಬರು ಮೂರು ಗಂಟೆ ಇದ್ದು ಹೋದರು. ನಂಜಮ್ಮ ಅವರಿಗೂ ಮುನಿಯಪ್ಪನವರಿಗೂ ಟೀ ತಂದುಕೊಟ್ಟರು. ನನಗೆ ಕೊಡಲಿಲ್ಲ. ಸಂಜೆ ಐದೂವರೆಗೆ ಗೌರಿ ಕಿವಿ ಅಲ್ಲಾಡಿಸಿತು. ಆರಕ್ಕೆ ಎರಡು ಸಲ ಏಳಲು ನೋಡಿ ಬಿತ್ತು. ಮೂರನೇ ಸಲ ಎದ್ದು, ಕುಡಿದವರ ಹಾಗೆ ಕಾಲು ಅಗಲಿಸಿ ನಿಂತಿತು. ನಂಜಮ್ಮ ಹಗ್ಗ ಹಿಡಿದು, ನನ್ನ ಮುಖ ನೋಡದೆ ಮೆಲ್ಲಗೆ ನಡೆಸಿಕೊಂಡು ಹೊರಟರು. ಮರುದಿನ ಸಾಹೇಬರಿಂದ ಲಿಖಿತ ಸಮಜಾಯಿಷಿ ಕೇಳಿ ಮೆಮೊ ಬಂತು. ಸ್ಕೂಟರಿನಲ್ಲಿ ಬಂದು ಹಸುವಿನ ತಲೆ ಹಿಡಿದವರೂ ಅವರೇ, ಮೆಮೊ ಕೊಟ್ಟವರೂ ಅವರೇ. ಎರಡೂ ನ್ಯಾಯವೇ ಎಂದು ಆಗಲೂ ಅನ್ನಿಸಿತ್ತು. ನಡೆದದ್ದನ್ನು ನಡೆದ ಹಾಗೆ ಬರೆದುಕೊಟ್ಟೆ.

ಆ ವಾರ ದಾಸರಹಳ್ಳಿಗೆ ಹೋದಾಗ ಅಪ್ಪನಿಗೆ ಎಲ್ಲ ಹೇಳಿ, ಕೆಲಸ ಬಿಡುತ್ತೇನೆ ಅಂದೆ. "ನನ್ನ ಕೈಯಲ್ಲಿ ಜೀವ ಹೋಗುತ್ತಪ್ಪ. ನೀವೇ ಹೇಳಿದ್ರಲ್ಲ, ಚುಕ್ಕಿ ಆಚೆ ಹೋದ್ರೆ ರಿಜೆಕ್ಟು ಅಂತ."

"ಇಷ್ಟು ವರ್ಷ ನನ್ನ ಜಾಬು ಯಾಕೆ ರಿಜೆಕ್ಟ್ ಆಗಿಲ್ಲ ಗೊತ್ತಾ?" ಅಂದರು ಅಪ್ಪ.

"ನಿಮಗೆ ಲೆಕ್ಕ ಬರುತ್ತೆ."

"ಯಾರು ಹೇಳಿದ್ದು? ಕೊನೇ ಕಟ್ ಹಾಕೋಕ್ ಮುಂಚೆ ವರ್ನಿಯರ್ ತಗೊಂಡು ಪಕ್ಕದ ಮೆಷಿನ್ನವನ ಹತ್ರ ಹೋಗ್ತೀನಿ. ನಾನು ಏನು ಓದ್ದೆ ಅಂತ ಹೇಳಲ್ಲ. ನೀನು ಓದು ಅಂತೀನಿ. ಅವನು ಜೋರಾಗಿ ಓದ್ತಾನೆ. ಎರಡೂ ಒಂದೇ ಆದ್ರೆ ಕಟ್ ಹಾಕ್ತೀನಿ. ಇಲ್ಲಾಂದ್ರೆ ಇನ್ನೊಂದ್ ಸಲ. ನಮ್ಮ ಶೆಡ್ಡಲ್ಲಿ ಎಲ್ರೂ ಹಂಗೇ ಮಾಡೋದು. ನಿಮ್ಮಲ್ಲಿ ಯಾರೂ ಮಾಡಲ್ವಾ?"

ನಮ್ಮಲ್ಲಿ ಯಾರೂ ಮಾಡುತ್ತಿರಲಿಲ್ಲ. ಡಾಕ್ಟರು ಸಿರಿಂಜ್ ತುಂಬುತ್ತಾರೆ, ಅಟೆಂಡರು ಹಗ್ಗ ಹಿಡಿಯುತ್ತಾರೆ. ಅಷ್ಟೇ ಇದ್ದ ಪದ್ಧತಿ.

ಸೋಮವಾರ ಹೋದವಳು ರಟ್ಟಿನ ಮೇಲೆ ಒಂದು ಪಟ್ಟಿ ಬರೆದು ಗೋಡೆಗೆ ಹೊಡೆದೆ. ಎಡಗಡೆ ಪ್ರಾಣಿ, ಅದರ ತೂಕ; ಬಲಗಡೆ ಯಾವ ಔಷಧಿ, ಎಷ್ಟು ಗೀಟು. ದಶಮಾಂಶವೇ ಇಲ್ಲದಂತೆ ಕಾಲು, ಅರೆ, ಮುಕ್ಕಾಲುಗಳಲ್ಲಿ ಬರೆದಿದ್ದೆ. ಸರಿಯಿದೆಯೇ ಎಂದು ಸಾಹೇಬರಿಂದಲೇ ತಿದ್ದಿಸಿಕೊಂಡು ಬಂದಿದ್ದೆ. ಮುನಿಯಪ್ಪನವರಿಗೆ ಓದು ಬರುತ್ತಿತ್ತು, ಆದರೆ ಡಾಕ್ಟರ ಮುಂದೆ ಓದಲು ನಾಚಿಕೆ. "ನೀವು ಜೋರಾಗಿ ಹೇಳೋವರೆಗೂ ನಾನು ಚುಚ್ಚಲ್ಲ" ಅಂದೆ. ಮೊದಲ ಒಂದು ವಾರ ಗೊಣಗಿದರು. ಆಮೇಲೆ ಗಂಟೆ ಹೊಡೆದ ಹಾಗೆ ಹೇಳತೊಡಗಿದರು: "ಎಮ್ಮೆ, ಮುನ್ನೂರೈವತ್ತು ಕೆಜಿ, ಎರಡು ಗೀಟು." ಕಟಕಟೆಯ ಸುತ್ತ ನಿಂತ ರೈತರು ತಾವೂ ಹೇಳುತ್ತಿದ್ದರು. ಏಳೆಂಟು ತಿಂಗಳಾದ ಮೇಲೆ ನಂಜಮ್ಮ ಗೌರಿಯನ್ನು ಹೊಡೆದುಕೊಂಡು ಬಂದರು, ಕೆಚ್ಚಲು ಬಾವಿನ ಚಿಕಿತ್ಸೆಗೆ. ನಾನು ಸಿರಿಂಜ್ ಎತ್ತಿದ ಕೂಡಲೇ ಪಕ್ಕಕ್ಕೆ ಬಂದು ನಿಂತು, "ಎಷ್ಟು?" ಅಂದರು. ಹೇಳಿದೆ. ಮುನಿಯಪ್ಪ ಹೇಳಿದರು. ನಂಜಮ್ಮ ರಟ್ಟಿನ ಕಡೆ ನೋಡಿದರು. ಅವರಿಗೆ ಓದು ಬರುತ್ತಿರಲಿಲ್ಲ. ಆದರೂ ಪೂರ್ತಿ ನೋಡಿ, "ಸರಿ, ಆಕಿ ಇಂಜೆಕ್ಷನ್ನು" ಅಂದರು. ಆ ದಿನ ನನಗೂ ಟೀ ಬಂತು.

ಮುಂದೆ ವರ್ಗವಾಗುತ್ತಾ ವೈಟ್‌ಫೀಲ್ಡ್ ಕಡೆಗೆ, ಆಮೇಲೆ ಬೆಳ್ಳಂದೂರಿನ ಕಡೆಗೆ ಬಂದೆ. ಹೋದಲ್ಲೆಲ್ಲ ರಟ್ಟೂ ಬಂತು. ಹೊಲಗಳು ಲೇಔಟಾದವು. ರಾಗಿ ಬೆಳೆಯುತ್ತಿದ್ದ ಗೌಡರು ಆರು ಮಹಡಿಯ ಪಿ.ಜಿ. ಕಟ್ಟಿಸಿ, ಕೆಳಗಿನ ಕಾರ್ ಪಾರ್ಕಿಂಗಿನಲ್ಲಿ ಹಸು ಕಟ್ಟಿದರು. ಅಲ್ಲಿಗೆ ಹೋಗಿ ಸ್ಕೂಟರುಗಳ ಮಧ್ಯೆ ಕರು ಎಳೆದಿದ್ದೇನೆ. ಹೊಟ್ಟೆ ಉಬ್ಬಿದ ಹಸುಗಳಿಗೆ ಆಪರೇಷನ್ ಮಾಡಿದಾಗ ಪ್ಲಾಸ್ಟಿಕ್ ಕವರು, ಬಸ್ ಟಿಕೆಟ್ಟಿನ ಉಂಡೆ, ಒಂದು ಸಲ ಯಾವುದೋ ಕಂಪನಿಯ ಗುರುತಿನ ಚೀಟಿ, ದಾರದ ಸಮೇತ ಬಂತು.

ಬೆಳ್ಳಂದೂರಿನ ಕಟ್ಟಡ ಕೆಲಸದ ಶೆಡ್ಡುಗಳಿಂದ ಯಮನವ್ವ ಎಂಬವರು ಆಡನ್ನು ಆಟೋದಲ್ಲಿ ಹಾಕಿಕೊಂಡು ಬಂದದ್ದು ನೆನಪಾಗುತ್ತದೆ. ಯಾದಗಿರಿ ಕಡೆಯವರು. ನಮ್ಮ ತೂಕದ ಯಂತ್ರ ಆ ದಿನ ಕೆಟ್ಟಿತ್ತು. ತೂಕ ಗೊತ್ತಿಲ್ಲದೆ ಔಷಧಿ ಕೊಡುವವಳಲ್ಲ ನಾನು. ಯೋಚಿಸುತ್ತಾ ನಿಂತಿದ್ದೆ.

"ಎಷ್ಟ್ ಭಾರ ಐತಿ ಅಂತ ಬೇಕೇನ್ರಿ?" ಅಂದವರೇ ಆಡನ್ನು ಎರಡೂ ಕೈಯಲ್ಲಿ ಎತ್ತಿ, ಒಮ್ಮೆ ಕುಲುಕಿ ಇಳಿಸಿದರು. "ಅರ್ಧ ಸಿಮೆಂಟ್ ಚೀಲಕ್ಕ ಸ್ವಲ್ಪ ಕಮ್ಮಿ ಐತ್ರಿ."

ಇಡೀ ಚೀಲ ಐವತ್ತು ಕೆಜಿ. ಇಪ್ಪತ್ತಮೂರು ಎಂದು ಬರೆದುಕೊಂಡು ಔಷಧಿ ಕೊಟ್ಟೆ. ಮೂರು ದಿನದ ಮೇಲೆ ಅವರು ಆಡನ್ನು ತೋರಿಸಲು ಬಂದಾಗ ಯಂತ್ರ ರಿಪೇರಿಯಾಗಿತ್ತು. ಕುತೂಹಲಕ್ಕೆ ನಿಲ್ಲಿಸಿ ನೋಡಿದೆ. ಇಪ್ಪತ್ತಮೂರೂ ಚಿಲ್ಲರೆ.

ಕೊನೆಯ ವರ್ಷಗಳಲ್ಲಿ ನನ್ನ ಜೊತೆಗಿದ್ದ ಸ್ವಾತಿ ಚಿನ್ನದ ಪದಕದ ಹುಡುಗಿ. ಲೆಕ್ಕವನ್ನು ಮನಸ್ಸಿನಲ್ಲೇ ಮಾಡುತ್ತಿದ್ದಳು. ಜೋರಾಗಿ ಹೇಳುವುದು ಅವಳಿಗೆ ಬಾಲವಾಡಿಯ ಹಾಗೆ ಕಾಣುತ್ತಿತ್ತು. ಒಂದು ದಿನ ಮೊಬೈಲಿನ ಆ್ಯಪ್ ನೋಡಿ ಔಷಧಿ ತುಂಬಿಕೊಂಡಳು. ನಾನು ಎದುರಿಗಿದ್ದೆನೆಂಬ ಕಾರಣಕ್ಕಷ್ಟೇ ಜೋರಾಗಿ ಹೇಳಿದಳು, "ಪೊಮೆರೇನಿಯನ್, ಎಂಟು, ಎರಡು ಎಂ.ಎಲ್."

"ಎಂಟು ಏನು?" ಅಂದೆ. ತಪ್ಪಾಗಿದೆಯೆಂದು ನನಗೇನೂ ತಿಳಿದಿರಲಿಲ್ಲ. ಅಭ್ಯಾಸದಿಂದ ಕೇಳಿದ್ದು ಅಷ್ಟೇ.

ಅವಳು ಪರದೆ ನೋಡಿದಳು. ನಾಯಿಯ ಮಾಲೀಕರು ವಿದೇಶದಿಂದ ಬಂದವರು, ತೂಕವನ್ನು ಪೌಂಡಿನಲ್ಲಿ ಹೇಳಿದ್ದರು. ಅವಳು ಕೆಜಿ ಎಂದು ಒತ್ತಿದ್ದಳು. ಸಿರಿಂಜನ್ನು ಖಾಲಿ ಮಾಡಿ, ನೆಲ ನೋಡುತ್ತಾ ನಿಂತಳು. ಅವಳಿಗೆ ಗೌರಿಯ ಕಥೆ ಹೇಳಿದ್ದು ಆ ಮಧ್ಯಾಹ್ನ. ಬುದ್ಧಿವಂತರಿಗೆ ಈ ಕೆಲಸದಲ್ಲಿ ಒಂದು ತೊಂದರೆಯಿದೆ, ಅವರನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ. ನನ್ನನ್ನು ಜೀವನಪೂರ್ತಿ ಎಲ್ಲರೂ ಕೇಳಿದರು.

ಕೊನೆಯದಾಗಿ ಅರವಿಂದನ ವಿಷಯ ಹೇಳಬೇಕು. ನಾನು ನಿವೃತ್ತಳಾಗುವ ತಿಂಗಳು ಬಂದವನು. ಹೊರವರ್ತುಲ ರಸ್ತೆಯ ದೊಡ್ಡ ಕಂಪನಿಯೊಂದರಲ್ಲಿ ಅಂಕಿಅಂಶಗಳ ಕೆಲಸ, ಹನ್ನೊಂದನೇ ಮಹಡಿಯಲ್ಲಿ ಒಬ್ಬನೇ ವಾಸ. ಜೊತೆಗಿದ್ದದ್ದು ಹದಿಮೂರು ವರ್ಷದ ಕಂದು ನಾಯಿ, ಹೆಸರು ಚಟ್ನಿ. ಮೂತ್ರಪಿಂಡ ಎರಡೂ ಸೋತಿದ್ದವು. ಅರವಿಂದ ಆರು ತಿಂಗಳ ರಕ್ತಪರೀಕ್ಷೆಗಳನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ಬಣ್ಣದ ಗೆರೆಗಳಾಗಿ ಬರೆದಿಟ್ಟಿದ್ದ. ಗೆರೆಗಳೆಲ್ಲ ಮೇಲಕ್ಕೇ ಹೋಗುತ್ತಿದ್ದವು.

"ಇನ್ನೊಂದು ತಿಂಗಳು ಇರೋ ಚಾನ್ಸ್ ಎಷ್ಟು ಪರ್ಸೆಂಟ್ ಮೇಡಂ?"

ನಾನು ನೆಲದ ಮೇಲೆ ಕುಳಿತು ಚಟ್ನಿಯ ಒಸಡು ನೋಡುತ್ತಿದ್ದೆ. "ನನಗೆ ಪರ್ಸೆಂಟ್ ಹೇಳೋಕೆ ಬರಲ್ಲಪ್ಪ. ಹೇಳಿದ್ರೆ ಅದು ಸುಳ್ಳಾಗುತ್ತೆ."

"ಮತ್ತೆ ಇವನಿಗೆ ಕೊನೇ ಇಂಜೆಕ್ಷನ್ ಯಾವಾಗ ಅಂತ ನಾನು ಹೆಂಗೆ ಡಿಸೈಡ್ ಮಾಡ್ಲಿ? ಬೇಗ ಮಾಡಿದ್ರೂ ತಪ್ಪು, ಲೇಟಾದ್ರೂ ತಪ್ಪು."

"ಇವನಿಗೆ ದಿನದಲ್ಲಿ ಏನು ಅಂದ್ರೆ ತುಂಬಾ ಇಷ್ಟ?"

ಅವನು ಲ್ಯಾಪ್‌ಟಾಪ್ ಮುಚ್ಚಿದ. "ನಾನು ಸಂಜೆ ಬರೋದು. ನಮ್ಮ ಫ್ಲೋರಲ್ಲಿ ಲಿಫ್ಟ್ ನಿಂತ ಸದ್ದು ಕೇಳಿದ್ರೆ ಸಾಕು, ಎಲ್ಲಿದ್ರೂ ಎದ್ದು ಬಾಗಿಲ ಹತ್ರ ಬರ್ತಾನೆ. ಈಗಲೂ ಬರ್ತಾನೆ, ನಿಧಾನಕ್ಕೆ."

"ಹಂಗೆ ಎದ್ದು ಬರ್ತಿರೋವರೆಗೂ ಮನೇಲಿರಲಿ. ವಾಂತಿ, ನೋವು ಎರಡಕ್ಕೂ ಔಷಧಿ ಕೊಡ್ತೀನಿ. ನೀವು ಗ್ರಾಫ್ ಬಿಟ್ಟು ಅದನ್ನ ನೋಡ್ಕೊಳ್ಳಿ."

ಒಂಬತ್ತು ದಿನದ ಮೇಲೆ ಬೆಳಿಗ್ಗೆ ಅರವಿಂದನ ಫೋನ್ ಬಂತು. "ಮೇಡಂ, ನಿನ್ನೆ ಬರಲಿಲ್ಲ. ಕೇಳಿಸಿಲ್ವೇನೋ ಅಂತ ನಾನು ಕೆಳಗೆ ಹೋಗಿ ಇನ್ನೊಂದ್ ಸಲ ಲಿಫ್ಟಲ್ಲಿ ಬಂದೆ. ಕಣ್ಣು ಈ ಕಡೆ ತಿರುಗಿಸಿದ. ಏಳಲಿಲ್ಲ."

ಹೋದೆ. ಚಟ್ನಿ ಬಾಲ್ಕನಿಯ ಬಿಸಿಲಿನಲ್ಲಿ ಮಲಗಿತ್ತು. ಅರವಿಂದ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯ ಹಿಂದೆ ಕೆರೆಯುತ್ತಾ ಇದ್ದ. ಮೊದಲು ಮಂಪರು, ನಂತರ ಕೊನೆಯ ಮದ್ದು. ಏನೂ ತೊಂದರೆಯಾಗಲಿಲ್ಲ. ಉಸಿರು ನಿಂತದ್ದನ್ನು ನಾನು ಹೇಳುವ ಮೊದಲೇ ಅವನಿಗೆ ತಿಳಿದಿತ್ತು. ಬೆರಳು ಮಾತ್ರ ಕಿವಿಯ ಹಿಂದೆ ಆಡುತ್ತಲೇ ಇತ್ತು.

ಚಟ್ನಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಮಣ್ಣು ಮಾಡುವ ಗಾಡಿಗೆ ಇಬ್ಬರೂ ಸೇರಿ ಇಳಿಸಿಕೊಟ್ಟೆವು. ಗಾಡಿ ಗೇಟು ದಾಟಿತು. ಅರವಿಂದ ಒಳಗೆ ಬಂದು ಲಿಫ್ಟಿನ ಮುಂದೆ ನಿಂತ. ಬಾಗಿಲು ತೆರೆಯಿತು, ಕಾದಿತು, ಮುಚ್ಚಿಕೊಂಡಿತು.

"ನಾನು ಮೆಟ್ಟಿಲಲ್ಲೇ ಹೋಗ್ತೀನಿ ಮೇಡಂ," ಅಂದ.

ಹನ್ನೊಂದು ಮಹಡಿ. ನಾನೂ ಅವನ ಜೊತೆ ಹತ್ತಿದೆ. ಮೂರನೇ ಮಹಡಿಗೆ ನನ್ನ ಮಂಡಿ ಸೋತು ಮೆಟ್ಟಿಲ ಮೇಲೆ ಕುಳಿತೆ. ಅವನೂ ಪಕ್ಕದಲ್ಲಿ ಕುಳಿತ. ಹದಿಮೂರು ವರ್ಷದ ಹಿಂದೆ ಚಟ್ನಿ ಶೂ ಡಬ್ಬಿಯೊಂದರಲ್ಲಿ ಮಲಗಿಕೊಂಡು ಮನೆಗೆ ಬಂದದ್ದು ಹೇಗೆಂದು ಹೇಳತೊಡಗಿದ. ನಾನು ಬ್ಯಾಗನ್ನು ಕೆಳಗಿಟ್ಟು ಕೇಳುತ್ತಾ ಕುಳಿತೆ.